ಜೊತೆಗಿದ್ದವನ ಹೆಸರೂ ಎಫ್‌ಐಆರ್‌ನಲ್ಲಿ

‘ನಮ್ಮ ಹುಡುಗ ಏನೂ ಮಾಡಿಲ್ಲ ಸಾರ್, ಸುಮ್ನೆ ಜೊತೆಗಿದ್ದ.’ ಗುಂಪು ಹೊಡೆದಾಟದ ಪ್ರಕರಣ ದಾಖಲಾದ ಠಾಣೆಯ ಮುಂದೆಲ್ಲ ಕೇಳಿಬರುವ ಮಾತಿದು. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಕಾನೂನು ಜೊತೆಗಿದ್ದುದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ.

ಹುಡುಗರು ಇಂಥ ಗುಂಪಿನ ಜೊತೆ ಸೇರುವುದು ಹೀಗೆ. ಅಮೃತಾಪುರದ ಮಕ್ಕಳು ಓದಿಗೋ ದುಡಿಮೆಗೋ ತರೀಕೆರೆ, ಭದ್ರಾವತಿ, ಶಿವಮೊಗ್ಗದ ಬಸ್ಸು ಹತ್ತುತ್ತಾರೆ. 1196ರ ಅಮೃತೇಶ್ವರ ದೇವಾಲಯದ ನೆರಳಲ್ಲಿ ಎಲ್ಲರಿಗೂ ಇಂಥವರ ಮಗನೆಂದು ಗೊತ್ತಿದ್ದ ಹುಡುಗ ಪೇಟೆಯಲ್ಲಿ ಯಾರಿಗೂ ಯಾರೂ ಅಲ್ಲ. ಕಾಲೇಜಿನ ಜಗಳವೊಂದರಲ್ಲಿ ‘ಇವ್ನು ನಮ್ಮ ಹುಡುಗ’ ಎಂದು ಪಕ್ಕಕ್ಕೆ ಬಂದು ನಿಂತವನು ಆಗ ದೇವರಂತೆ ಕಾಣುತ್ತಾನೆ. ಆಮೇಲೆ ಅವನೇ ‘ಅಣ್ಣ’. ಅಣ್ಣನ ಬರ್ತ್‌ಡೇ, ಲಾಂಗಿನಲ್ಲಿ ಕೇಕ್ ಕತ್ತರಿಸುವ ರೀಲ್ಸ್. ಆ ವಿಡಿಯೊವೇ ನಾಳೆ ಪೊಲೀಸರ ಕೈಯಲ್ಲಿ ಸಾಕ್ಷ್ಯ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಐದು ಅಥವಾ ಹೆಚ್ಚು ಮಂದಿ ಅಪರಾಧದ ಉದ್ದೇಶದಿಂದ ಸೇರಿದರೆ ಅದು ಅಕ್ರಮ ಕೂಟ. ಆ ಉದ್ದೇಶಕ್ಕಾಗಿ ಒಬ್ಬ ಮಾಡಿದ ಅಪರಾಧಕ್ಕೆ ಕೂಟದವರೆಲ್ಲ ಹೊಣೆ ಎನ್ನುತ್ತದೆ 190ನೇ ಕಲಂ. ಹಳೆಯ ಐಪಿಸಿಯ 149. ಮಚ್ಚು ಬೀಸಿದವನ ಮೇಲಿನ ಕೊಲೆಯತ್ನದ ಆರೋಪ ಬೈಕ್ ಸ್ಟಾರ್ಟ್ ಮಾಡಿಕೊಂಡು ಕಾದವನ ಮೇಲೂ ಬರುತ್ತದೆ. ಬರೀ ನೋಡುತ್ತ ನಿಂತವನು ತಪ್ಪಿತಸ್ಥನಲ್ಲ, ನಿಜ. ಆದರೆ ಅದು ಸಾಬೀತಾಗುವುದು ನ್ಯಾಯಾಲಯದಲ್ಲಿ, ಬಂಧನ ಅದಕ್ಕೂ ಎಷ್ಟೋ ಮುಂಚೆ. ಸಂಘಟಿತ ಅಪರಾಧದ ಗುಂಪಾದರೆ ಸದಸ್ಯನಾಗಿದ್ದಕ್ಕೇ 111ನೇ ಕಲಮಿನಡಿ ಕನಿಷ್ಠ 5 ವರ್ಷ ಜೈಲು, 5 ಲಕ್ಷ ರೂಪಾಯಿ ದಂಡ.

ರೌಡಿಶೀಟ್ ತೆರೆಯಲು ಶಿಕ್ಷೆಯೇ ಆಗಿರಬೇಕೆಂದಿಲ್ಲ. ಮುಂಚೆ ನೋಟಿಸ್ ಕೊಡಬೇಕೆಂದು ರಾಜ್ಯ ಹೈಕೋರ್ಟ್ 2022ರಲ್ಲಿ ಹೇಳಿದೆ. ಹಾಗೆ ನೋಟಿಸ್ ಬಂದರೆ ಉತ್ತರ ಕೊಡದೆ ಸುಮ್ಮನಿರಬಾರದು. ಹೆಸರು ಒಮ್ಮೆ ರೌಡಿಗಳ ಪಟ್ಟಿಗೆ ಸೇರಿತೆಂದರೆ ಹಬ್ಬ, ಚುನಾವಣೆ ಬಂದಾಗಲೆಲ್ಲ ಠಾಣೆಯ ಕರೆ.

ಹುಡುಗನೇ ಕೆಟ್ಟವನಿರಬೇಕು ಎಂದು ಕೈಬಿಡುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ರಾಚೆಸ್ಟರ್ ನಗರದ ಹದಿಹರೆಯದವರನ್ನು ವರ್ಷಗಟ್ಟಲೆ ಗಮನಿಸಿ ಟೆರೆನ್ಸ್ ಥಾರ್ನ್‌ಬೆರಿ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದಿಷ್ಟು: ಗ್ಯಾಂಗಿನಲ್ಲಿದ್ದಾಗ ಅಪರಾಧ ಏರುತ್ತದೆ, ಬಿಟ್ಟ ಮೇಲೆ ಇಳಿಯುತ್ತದೆ. ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ 18 ತುಂಬದವರನ್ನು ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಿಸಿ ಹೊಸ ಬದುಕಿಗೆ ಅವಕಾಶ ಕೊಡುತ್ತದೆ. ಘೋರ ಅಪರಾಧವೆಸಗಿದ 16 ದಾಟಿದವರನ್ನು ಮಾತ್ರ ವಯಸ್ಕರಂತೆ ವಿಚಾರಣೆಗೆ ಒಳಪಡಿಸಬಹುದು. ಮಕ್ಕಳನ್ನು ಅಕ್ರಮ ಕೆಲಸಕ್ಕೆ ಬಳಸಿಕೊಂಡ ದೊಡ್ಡವರಿಗೆ ಇದೇ ಕಾಯ್ದೆಯಲ್ಲಿ 7 ವರ್ಷದವರೆಗೆ ಶಿಕ್ಷೆಯಿದೆ. ಆ ‘ಅಣ್ಣ’ನ ಮೇಲೆ ಈ ಕಲಂ ಹಾಕಿರೆಂದು ಪೋಷಕರು ಧೈರ್ಯವಾಗಿ ಕೇಳಬೇಕು.

ಮಗ ಯಾರ ಬೈಕಿನ ಹಿಂದೆ ಕೂರುತ್ತಾನೆಂದು ಈ ವಾರವೇ ವಿಚಾರಿಸಿ. ಬಂಧನವಾಗಿದ್ದರೆ ದಲ್ಲಾಳಿಗಳ ಹಿಂದೆ ಅಲೆಯಬೇಡಿ. ಕಾನೂನು ಸೇವೆಗಳ ಉಚಿತ ಸಹಾಯವಾಣಿ 15100, ಮಕ್ಕಳಿಗಾಗಿ 1098.