ಹಸುಗೂಸುಗಳ ಹಠಾತ್ ಸಾವು: ಅಂಕಿ-ಅಂಶ ಹೇಳುವುದೇನು?

ಆರೋಗ್ಯವಾಗಿದ್ದ ಹಸುಗೂಸು ನಿದ್ದೆಯಲ್ಲೇ ತೀರಿಕೊಂಡು, ಶವಪರೀಕ್ಷೆ ಮಾಡಿದರೂ ಕಾರಣ ತಿಳಿಯದಿದ್ದರೆ ವೈದ್ಯರು ಅದನ್ನು ‘ಸಿಡ್ಸ್’ ಎನ್ನುತ್ತಾರೆ. ಒಂದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಈ ಹೆಸರು. 2ರಿಂದ 4 ತಿಂಗಳ ಮಕ್ಕಳಲ್ಲಿ ಇದು ಹೆಚ್ಚು.

ಋತು: ಬ್ರಿಟನ್ನಿನಲ್ಲಿ 1980ರ ದಶಕದಲ್ಲಿ ಇಂತಹ ಸಾವು ಚಳಿಗಾಲದಲ್ಲೇ ಹೆಚ್ಚಾಗಿತ್ತು. ಬೋರಲು ಮಲಗಿಸುವುದು, ಅತಿಯಾಗಿ ಹೊದಿಸುವುದು ಅಪಾಯವೆಂದು ಅಧ್ಯಯನಗಳಿಂದ ತಿಳಿಯಿತು. 1991ರ ಕೊನೆಯಲ್ಲಿ ‘ಅಂಗಾತ ಮಲಗಿಸಿ’ ಎಂಬ ಪ್ರಚಾರ ಅಲ್ಲಿ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಸಾವಿನ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಚಳಿಗಾಲದ ಏರಿಕೆಯೂ ತಗ್ಗಿತು.

ಪ್ರದೇಶ: ನ್ಯೂಜಿಲೆಂಡಿನಲ್ಲಿಯೂ ಆಗ ಚಳಿ ಹೆಚ್ಚಿರುವ ದಕ್ಷಿಣ ದ್ವೀಪದಲ್ಲಿ ಉತ್ತರ ದ್ವೀಪಕ್ಕಿಂತ ಪ್ರಮಾಣ ಜಾಸ್ತಿ ಇತ್ತು.

ವರ್ಗ: ಒಟ್ಟು ಸಾವು ಕಡಿಮೆಯಾದರೂ ಉಳಿದದ್ದು ಬಡವರ ಮನೆಯಲ್ಲಿ. ಇಂಗ್ಲೆಂಡಿನ ಏವನ್ ಪ್ರದೇಶದಲ್ಲಿ 1984ರಿಂದ 2003ರವರೆಗೆ ನಡೆದ ಅಧ್ಯಯನದಲ್ಲಿ, ಇಂತಹ ಸಾವುಗಳ ಪೈಕಿ ಬಡ ಕುಟುಂಬಗಳ ಪಾಲು ಸುಮಾರು ಅರ್ಧದಿಂದ ಮುಕ್ಕಾಲಿನ ಹತ್ತಿರಕ್ಕೆ ಏರಿದ್ದು ಕಂಡುಬಂತು. ಆದರೆ ಬಡತನವೊಂದೇ ಕಾರಣವಲ್ಲ. ಬ್ರಿಟನ್ನಿನಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದವರಲ್ಲಿ ಬಡವರು ಸಾಕಷ್ಟಿದ್ದರೂ ಸಿಡ್ಸ್ ಕಡಿಮೆ. ಅವರಲ್ಲಿ ಧೂಮಪಾನ ಮಾಡುವ ತಾಯಂದಿರು ವಿರಳ. ಮಗು ಮಲಗುವುದೂ ಹೆತ್ತವರ ಕೋಣೆಯಲ್ಲೇ.

ಆದ್ದರಿಂದ ಮಗುವನ್ನು ಅಂಗಾತ ಮಲಗಿಸಿ. ಹಾಸಿಗೆ ಗಟ್ಟಿಯಾಗಿ, ಸಮವಾಗಿರಲಿ, ದಿಂಬು ಬೇಡ. ಸೋಫಾದ ಮೇಲೆ ಮಗುವನ್ನು ಅಪ್ಪಿಕೊಂಡು ನಿದ್ದೆ ಹೋಗಬೇಡಿ. ಗರ್ಭಿಣಿಯ ಬಳಿಯಾಗಲಿ ಮಗುವಿನ ಬಳಿಯಾಗಲಿ ಬೀಡಿ, ಸಿಗರೇಟು ಸೇದಬಾರದು. ಇಷ್ಟೆಲ್ಲ ಎಚ್ಚರ ವಹಿಸಿದ ಮನೆಯಲ್ಲೂ ಅಪರೂಪಕ್ಕೆ ಹೀಗಾಗುವುದುಂಟು. ಮಗುವನ್ನು ಕಳೆದುಕೊಂಡ ತಾಯಿಯನ್ನು ದಯವಿಟ್ಟು ಯಾರೂ ದೂಷಿಸಬೇಡಿ.