ನಡಿಗೆಗಿಂತ ಮೊದಲು ಬೇಕಾದ ಹಿಡಿತ

ಬೆನ್ನುಹುರಿಗೆ ಪೆಟ್ಟು ಬಿದ್ದವರ ವಿಷಯ ಬಂದಾಗ ನಾವು ಮೊದಲು ಕೇಳುವುದು, ‘ಮತ್ತೆ ಓಡಾಡುತ್ತಾರಾ?’ ಎಂದು. ಪೆಟ್ಟು ತಿಂದವರ ಚಿಂತೆ ಅಷ್ಟಕ್ಕೇ ನಿಲ್ಲುವುದಿಲ್ಲ. ಅಮೆರಿಕದ ಸಂಶೋಧಕಿ ಕಿಮ್ ಆಂಡರ್ಸನ್ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಇಂಥ 681 ಮಂದಿ ತಮಗೆ ಯಾವುದು ಮೊದಲು ಮರಳಿ ಬೇಕೆಂದು ಹೇಳಿದ್ದರು. ಕೈಕಾಲು ನಾಲ್ಕರ ಸ್ವಾಧೀನವೂ ತಪ್ಪಿದವರು ಕೈಯ ಬಲವನ್ನೂ, ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರು ಲೈಂಗಿಕ ಶಕ್ತಿಯನ್ನೂ ಮುಂದಿಟ್ಟರು. ಮಲಮೂತ್ರಗಳ ಮೇಲಿನ ಹಿಡಿತ ಮಾತ್ರ ಎರಡೂ ಗುಂಪಿಗೆ ಮುಖ್ಯವಾಗಿತ್ತು. ಗಾಲಿಕುರ್ಚಿಯಲ್ಲಿ ಕುಳಿತು ಕಚೇರಿಗೆ ಹೋಗಬಹುದು, ಮದುವೆಮನೆಗೂ ಹೋಗಬಹುದು. ಬಟ್ಟೆ ಒದ್ದೆಯಾದೀತೆಂಬ ಅಂಜಿಕೆಯಿದ್ದರೆ ಮನೆಯ ಹೊಸ್ತಿಲು ದಾಟುವುದೇ ಕಷ್ಟ. ಚಿಕಿತ್ಸೆಯ ಯಶಸ್ಸನ್ನು ಹೆಜ್ಜೆಗಳಿಂದಷ್ಟೇ ಅಳೆಯುವುದನ್ನು ನಾವು ಬಿಡಬೇಕು.

ಮೂತ್ರಕೋಶವನ್ನು ನಡೆಸುವ ನರಗಳು ಬೆನ್ನುಹುರಿಯ ತುದಿಭಾಗದಿಂದ ಹೊರಡುತ್ತವೆ. ಪೆಟ್ಟು ಅದಕ್ಕಿಂತ ಮೇಲೆ ಬಿದ್ದಿದ್ದರೆ ಆ ನರಗಳು ಸಾಯುವುದಿಲ್ಲ, ಮಿದುಳಿನ ಅಪ್ಪಣೆ ಮಾತ್ರ ಅವಕ್ಕೆ ತಲುಪುವುದಿಲ್ಲ. ಆಗ ಮೂತ್ರಕೋಶ ತನ್ನಷ್ಟಕ್ಕೆ ಹಿಂಡಿಕೊಳ್ಳುತ್ತದೆ, ಅದೇ ಹೊತ್ತಿಗೆ ಅದರ ಬಾಯಿಯ ಸ್ನಾಯುವೂ ಬಿಗಿಯುತ್ತದೆ. ಒಳಗಿನ ಒತ್ತಡ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಹಿಂದೆ ಇಂಥ ರೋಗಿಗಳ ಸಾವಿಗೆ ಮೂತ್ರಪಿಂಡದ ವೈಫಲ್ಯ ದೊಡ್ಡ ಕಾರಣವಾಗಿತ್ತು.

ಉಳಿದಿರುವ ಈ ನರಗಳನ್ನು ವಿದ್ಯುತ್ತಿನಿಂದ ಎಚ್ಚರಿಸಬಹುದೆಂದು ಬ್ರಿಟನ್ನಿನ ಜೈಲ್ಸ್ ಬ್ರಿಂಡ್ಲಿ 1970ರ ದಶಕದಲ್ಲೇ ತೋರಿಸಿದರು. ಅವರ ಸಾಧನದಲ್ಲಿ ನರಬೇರುಗಳಿಗೆ ಎಲೆಕ್ಟ್ರೋಡ್ ಕೂರಿಸಿ, ಹೊರಗಿನ ಪೆಟ್ಟಿಗೆಯಿಂದ ಸಂಕೇತ ಕಳಿಸುತ್ತಾರೆ. ವಿದ್ಯುತ್ತನ್ನು ಬಿಟ್ಟು ಬಿಟ್ಟು ಹರಿಸಿದಾಗ ಬಾಯಿಯ ಸ್ನಾಯು ಬೇಗ ಸಡಿಲವಾಗುತ್ತದೆ, ಮೂತ್ರಕೋಶದ ಹಿಂಡಿಕೆ ನಿಧಾನವಾಗಿ ಇಳಿಯುತ್ತದೆ. ಆ ನಡುವಿನ ಬಿಡುವಿನಲ್ಲಿ ಮೂತ್ರ ಹೊರಬರುತ್ತದೆ. ಮಲವಿಸರ್ಜನೆಗೂ ಇದೇ ಸಾಧನ ನೆರವಾಗುತ್ತದೆ. ಆದರೆ ಇದರ ಜೊತೆಗೆ ಸಾಮಾನ್ಯವಾಗಿ ಸಂವೇದನೆಯ ನರಬೇರುಗಳನ್ನು ಕತ್ತರಿಸಬೇಕಿತ್ತು, ಅದರಿಂದ ಪುರುಷರ ಲೈಂಗಿಕ ಪ್ರತಿಕ್ರಿಯೆಗೆ ಧಕ್ಕೆಯಾಗುತ್ತಿತ್ತು. ಈಚಿನ ಪ್ರಯತ್ನಗಳಲ್ಲಿ ನರಬೇರುಗಳನ್ನು ಕತ್ತರಿಸುವುದಿಲ್ಲ. ಅಮೆರಿಕದ ಲೂಯಿವಿಲ್ ವಿಶ್ವವಿದ್ಯಾಲಯದ ತಂಡ ಬೆನ್ನುಹುರಿಯ ಹೊದಿಕೆಯ ಮೇಲೆ ಎಲೆಕ್ಟ್ರೋಡ್ ಇಟ್ಟು, ಮೂತ್ರಕೋಶ ಖಾಲಿಯಾಗುವುದು ಸುಧಾರಿಸಿದ್ದನ್ನು 2018ರಲ್ಲಿ ವರದಿ ಮಾಡಿತು. ಅದೇ ವರ್ಷ ಲಾಸ್ ಏಂಜಲೀಸ್‌ನ ಸಂಶೋಧಕರು ಶಸ್ತ್ರಚಿಕಿತ್ಸೆಯಿಲ್ಲದೆ, ಬೆನ್ನಿನ ಮೇಲೆ ಕಾಂತೀಯ ಪ್ರಚೋದನೆ ಕೊಟ್ಟು 5 ಪುರುಷರಲ್ಲಿ ಸುಧಾರಣೆ ಕಂಡರು.

ಐದು ಜನರಿಂದ ಏನು ತೀರ್ಮಾನಿಸಲಾದೀತು ಎಂಬ ಆಕ್ಷೇಪ ಸರಿಯಾದದ್ದೇ. ಹೊಸ ವಿಧಾನಗಳು ಇನ್ನೂ ದೊಡ್ಡ ಪರೀಕ್ಷೆಗಳಲ್ಲಿ ಗೆಲ್ಲಬೇಕಿದೆ. ಅದಕ್ಕೆ ಮೊದಲು ಯಾರಾದರೂ ಇದನ್ನು ಖಚಿತ ಮದ್ದೆಂದು ಮಾರಿದರೆ ನಂಬಬಾರದು. ದಿನಕ್ಕೆ ಕೆಲವು ಸಲ ತಾವೇ ಕ್ಯಾತಿಟರ್ ಎಂಬ ಕೊಳವೆ ಹಾಕಿ ಮೂತ್ರ ತೆಗೆಯುವ ಸರಳ ಕ್ರಮ ಇರುವಾಗ ಇಷ್ಟು ದುಬಾರಿ ಸಾಧನ ಏಕೆ ಎಂದೂ ಕೇಳಬಹುದು. ಜ್ಯಾಕ್ ಲ್ಯಾಪಿಡೆಸ್ 1972ರಲ್ಲಿ ಮುಂದಿಟ್ಟ ಆ ಕ್ರಮ ಅಸಂಖ್ಯ ಮೂತ್ರಪಿಂಡಗಳನ್ನು ಉಳಿಸಿದೆ. ಇಂದಿಗೂ ಮೊದಲು ಕಲಿಸಬೇಕಾದದ್ದು ಅದನ್ನೇ. ಆದರೆ ಕೈ ಬೆರಳು ಆಡದವರಿಗೆ ಅದು ಇನ್ನೊಬ್ಬರ ಕೈ ಕಾಯುವ ಕೆಲಸ, ಸೋಂಕಿನ ಭಯವೂ ಇದ್ದೇ ಇರುತ್ತದೆ. ಕರುಳಿನ ಸಮಸ್ಯೆಗಂತೂ ಅದರಲ್ಲಿ ಉತ್ತರವಿಲ್ಲ. ಹೀಗಾಗಿ ಇರುವ ಆರೈಕೆ ಎಲ್ಲರಿಗೂ ಇಂದೇ ಸಿಗಬೇಕು, ಹೊಸದರ ಸಂಶೋಧನೆಯೂ ನಿಲ್ಲಬಾರದು. ನಿಮ್ಮ ಮನೆಯಲ್ಲಿ ಇಂಥವರಿದ್ದರೆ, ಕಾಲಿನ ವ್ಯಾಯಾಮದ ಬಗ್ಗೆ ವಿಚಾರಿಸುವಷ್ಟೇ ಸಂಕೋಚವಿಲ್ಲದೆ ಮೂತ್ರಕೋಶ ಮತ್ತು ಕರುಳಿನ ತಪಾಸಣೆಯ ಬಗ್ಗೆಯೂ ವೈದ್ಯರನ್ನು ಕೇಳಿ.