ಶ್ವಾಸಕೋಶಗಳು ಸೋತಾಗ ದೊರೆಯುವ ಚಿಕಿತ್ಸೆ

“ಮೆಶಿನ್ನಿಗೆ ಹಾಕಿದ ಮೇಲೆ ಮುಗಿಯಿತು” ಎಂಬ ಮಾತನ್ನು ನಾನು ಪ್ರಾಥಮಿಕ ಆರೋಗ್ಯ ಕೇಂದ್ರದ ಅಂಗಳದಲ್ಲಿ ಹಲವು ಸಲ ಕೇಳಿದ್ದೇನೆ. ಈ ಮಾತಿಗೆ ಅಂಜಿ ಕೆಲವರು ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಒಯ್ಯುವುದನ್ನೇ ಮುಂದೂಡುತ್ತಾರೆ. ಇನ್ನು ಕೆಲವರು ಚಿಕಿತ್ಸೆಯ ನಡುವೆಯೇ ಮನೆಗೆ ಕರೆತರುತ್ತಾರೆ. ಆದುದರಿಂದ ಉಸಿರಾಟದ ಯಂತ್ರವು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದನ್ನು ದಂಪತಿಗಳಿಬ್ಬರೂ ಕಷ್ಟ ಬರುವ ಮೊದಲೇ ತಿಳಿದಿರುವುದು ಒಳಿತು.

ನಮ್ಮ ಶ್ವಾಸಕೋಶಗಳಲ್ಲಿ ಕೋಟ್ಯಂತರ ಸೂಕ್ಷ್ಮ ವಾಯುಕೋಶಗಳಿವೆ. ಉಸಿರಿನೊಡನೆ ಒಳಬಂದ ಆಮ್ಲಜನಕವು ಇವುಗಳ ತೆಳುವಾದ ಗೋಡೆಯನ್ನು ದಾಟಿ ರಕ್ತವನ್ನು ಸೇರುತ್ತದೆ. ನ್ಯುಮೋನಿಯಾ, ವಿಷಮಿಸಿದ ಮಲೇರಿಯಾ, ಇಲಿಜ್ವರ, ಕೊರೋನಾ, ಹೆರಿಗೆಯ ನಂತರದ ನಂಜು ಮೊದಲಾದವುಗಳಿಂದ ಈ ಗೋಡೆಗೆ ಪೆಟ್ಟು ಬಿದ್ದರೆ ರಕ್ತದ ನೀರಿನಂಶವು ಜಿನುಗಿ ವಾಯುಕೋಶಗಳನ್ನು ತುಂಬುತ್ತದೆ. ನೀರು ನಿಂತ ಹೊಲದಲ್ಲಿ ತೊಗರಿಯ ಬೇರಿಗೆ ಗಾಳಿ ದೊರೆಯದಿರುವಂತೆ, ಇಲ್ಲಿ ಗಾಳಿಯು ಒಳಬಂದರೂ ರಕ್ತಕ್ಕೆ ದೊರೆಯದು. ಅಮೆರಿಕದ ಡೆನ್ವರ್ ನಗರದ ವೈದ್ಯರು 12 ಮಂದಿ ರೋಗಿಗಳಲ್ಲಿ ಈ ಸ್ಥಿತಿಯನ್ನು ಗುರುತಿಸಿ 1967ರಲ್ಲಿ ವಿವರಿಸಿದರು. ಇಂದು ವೈದ್ಯರು ಇದನ್ನು ಎ.ಆರ್.ಡಿ.ಎಸ್. ಎನ್ನುತ್ತಾರೆ.

ವಯಸ್ಕರು ನಿಮಿಷಕ್ಕೆ 30ಕ್ಕೂ ಹೆಚ್ಚು ಸಲ ಉಸಿರಾಡುವುದು, ಒಂದು ವಾಕ್ಯವನ್ನೂ ಮುಗಿಸಲಾರದೆ ಏದುವುದು, ತುಟಿ ನೀಲಿಗಟ್ಟುವುದು, ಮಂಕು ಕವಿಯುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಕಾರಣವನ್ನು ಮುಚ್ಚಿಡಬಾರದು. ಕಳೆನಾಶಕವನ್ನು ಕುಡಿದಿದ್ದರೆ ಅದರ ಡಬ್ಬಿಯನ್ನೇ ತನ್ನಿರಿ. ಪ್ಯಾರಾಕ್ವಾಟ್ ಎಂಬ ಕಳೆನಾಶಕವು ದೇಹವನ್ನು ಸೇರಿದಾಗ, ಅಗತ್ಯವಿಲ್ಲದೆ ಕೊಟ್ಟ ಆಮ್ಲಜನಕವೇ ಶ್ವಾಸಕೋಶಕ್ಕೆ ಇನ್ನಷ್ಟು ಹಾನಿಯನ್ನುಂಟುಮಾಡುತ್ತದೆ. ಮಾನಕ್ಕೆ ಅಂಜಿ ಸುಳ್ಳು ಹೇಳಿದರೆ ವೈದ್ಯರ ಕೈ ಕಟ್ಟಿಹಾಕಿದಂತಾಗುವುದು.

ಆಸ್ಪತ್ರೆಯಲ್ಲಿ ಮೂಲರೋಗಕ್ಕೆ ಔಷಧವನ್ನೂ, ಮೂಗಿನ ನಳಿಕೆ ಅಥವಾ ಮುಖವಾಡದ ಮೂಲಕ ಆಮ್ಲಜನಕವನ್ನೂ ಕೊಡುತ್ತಾರೆ. ಅದು ಸಾಲದಾದಾಗ ಶ್ವಾಸನಾಳಕ್ಕೆ ಕೊಳವೆಯನ್ನು ಇಳಿಸಿ ವೆಂಟಿಲೇಟರ್ ಯಂತ್ರಕ್ಕೆ ಜೋಡಿಸುತ್ತಾರೆ. ಯಂತ್ರವು ರೋಗವನ್ನು ಗುಣಪಡಿಸುವುದಿಲ್ಲ. ಶ್ವಾಸಕೋಶವು ಮಾಯುವವರೆಗೆ ಕಾಲಾವಕಾಶವನ್ನು ಒದಗಿಸುತ್ತದೆ, ಅಷ್ಟೆ. ಆ ಅವಕಾಶ ಕೆಲವು ದಿನಗಳದ್ದಾಗಬಹುದು, ಕೆಲವು ವಾರಗಳದ್ದೂ ಆಗಬಹುದು. ಹಿಂದೆ ಒಂದೊಂದು ಉಸಿರಿಗೂ ಹೆಚ್ಚು ಗಾಳಿಯನ್ನು ತುಂಬುತ್ತಿದ್ದರು. 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಗಾಳಿಯ ಪ್ರಮಾಣವನ್ನು ಅರ್ಧಕ್ಕಿಳಿಸಿದಾಗ, ಸಾಯುವವರ ಸಂಖ್ಯೆ 100ಕ್ಕೆ 40ರಿಂದ 31ಕ್ಕೆ ತಗ್ಗಿತು. ಈಗ ಎತ್ತರಕ್ಕೆ ತಕ್ಕ ತೂಕ 50 ಕಿಲೋ ಆಗುವವರಿಗೆ ಒಂದು ಉಸಿರಿಗೆ ಸುಮಾರು 300 ಮಿಲಿಲೀಟರ್ ಗಾಳಿಯನ್ನು ಕೊಡುತ್ತಾರೆ.

ಇನ್ನೊಂದು ಉಪಾಯ ಯಂತ್ರದ್ದಲ್ಲ, ಮನುಷ್ಯರ ಕೈಗಳದ್ದು. ಅಂಗಾತ ಮಲಗಿದ ರೋಗಿಯ ಶ್ವಾಸಕೋಶದ ಹಿಂಭಾಗವು ಭಾರಕ್ಕೆ ಕುಸಿದಿರುತ್ತದೆ. ಬೋರಲಾಗಿ ಮಲಗಿಸಿದರೆ ಆ ಭಾಗವು ತೆರೆದುಕೊಳ್ಳುತ್ತದೆ. 2013ರಲ್ಲಿ ಪ್ರಕಟವಾದ ಫ್ರೆಂಚ್ ವೈದ್ಯರ ಅಧ್ಯಯನದಲ್ಲಿ ತೀವ್ರ ರೋಗಿಗಳನ್ನು ಪ್ರತಿ ಸಲವೂ 16 ಗಂಟೆಗಳಿಗೆ ಕಡಿಮೆಯಿಲ್ಲದಂತೆ ಹೀಗೆ ಮಲಗಿಸಲಾಯಿತು. 28 ದಿನಗಳೊಳಗಿನ ಸಾವು 100ಕ್ಕೆ 33ರಿಂದ 16ಕ್ಕೆ ಇಳಿಯಿತು. ನಾನು ಕಳುಹಿಸಿದ್ದ ಬಾಣಂತಿಯೊಬ್ಬಳನ್ನು ಹೀಗೆ ಮಲಗಿಸಿದ್ದನ್ನು ಕಂಡು ಆಕೆಯ ಮಾವನವರು, “ಹೆಣವನ್ನು ಮಗುಚಿದ ಹಾಗೆ ಮಗುಚಿದ್ದಾರೆ, ಸಾಕು, ಮನೆಗೆ ಒಯ್ಯೋಣ” ಎಂದು ಹಟ ಹಿಡಿದರು. ಗಂಡ ಮಾತ್ರ ನನಗೆ ದೂರವಾಣಿ ಮಾಡಿ, “ಡಾಕ್ಟರೇ, ಇದು ಸರಿಯೇ?” ಎಂದು ಕೇಳಿದನು. ಆ ಒಂದು ಪ್ರಶ್ನೆಯಿಂದ ಆಕೆ ಅಲ್ಲಿಯೇ ಉಳಿದಳು. ಹನ್ನೊಂದನೆಯ ದಿನ ಕೊಳವೆಯನ್ನು ತೆಗೆದರು. ಗರ್ಭಿಣಿಯರನ್ನೂ ಹೊಟ್ಟೆಗೆ ಒತ್ತಡ ಬೀಳದಂತೆ ದಿಂಬುಗಳ ಆಸರೆಯಿಂದ ಹೀಗೆ ಮಲಗಿಸಬಹುದು.

“ಗ್ಲೂಕೋಸ್ ಬಾಟಲಿ ಏರಿಸಿ” ಎಂದು ಒತ್ತಾಯಿಸುವವರಿಗೆ ಒಂದು ಮಾತು. ರಕ್ತದೊತ್ತಡವು ಸ್ಥಿರವಾದ ಮೇಲೆ ದ್ರವವನ್ನು ಮಿತವಾಗಿ ಕೊಟ್ಟರೆ ಯಂತ್ರದ ಅವಲಂಬನೆಯು ಬೇಗ ತಪ್ಪುತ್ತದೆಂದು 2006ರ ಅಧ್ಯಯನವು ತೋರಿಸಿತು. ನೀರು ತುಂಬಿದ ಶ್ವಾಸಕೋಶಕ್ಕೆ ಮತ್ತೆ ನೀರೇಕೆ? ಕೆಲವು ರೋಗಿಗಳಿಗೆ ಸ್ಟೀರಾಯ್ಡ್ ಔಷಧವೂ ಉಪಯುಕ್ತವಾಗುತ್ತದೆ.

ಇವೆಲ್ಲವೂ ಸಾಲದಾದಾಗ ಎಕ್ಮೋ ಎಂಬ ಉಪಕರಣವಿದೆ. ಇದು ರಕ್ತವನ್ನು ಹೊರಗೆಳೆದು, ಆಮ್ಲಜನಕವನ್ನು ಬೆರೆಸಿ, ದೇಹಕ್ಕೆ ಮರಳಿಸುತ್ತದೆ. ದೊರೆಯುವುದು ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿ, ವೆಚ್ಚ ಬಹಳ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಕ್ಮೋ ಪಡೆದವರಲ್ಲಿ 100ಕ್ಕೆ 35 ಮಂದಿಯೂ, ಇತರ ಚಿಕಿತ್ಸೆಯಿಂದ ಆರಂಭಿಸಿದವರಲ್ಲಿ 46 ಮಂದಿಯೂ ಸತ್ತರು. ಆದರೂ ಆ ಅಂತರವು ಖಚಿತ ತೀರ್ಮಾನಕ್ಕೆ ಸಾಲದಾಯಿತು. ಹೊಲವನ್ನು ಮಾರುವ ಮೊದಲು, “ಬೋರಲಾಗಿ ಮಲಗಿಸಿ ನೋಡಿದಿರಾ? ಈ ರೋಗಿಗೆ ಎಕ್ಮೋದಿಂದ ಎಷ್ಟು ಭರವಸೆ?” ಎಂದು ವೈದ್ಯರನ್ನು ಕೇಳುವುದು ನಿಮ್ಮ ಹಕ್ಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡನ್ನು ಮೊದಲ ದಿನವೇ ತೋರಿಸಿರಿ. ಎಲ್ಲ ಪ್ರಯತ್ನಗಳ ನಂತರವೂ ಕೆಲವರು ಉಳಿಯುವುದಿಲ್ಲ. ಅದನ್ನು ಬಚ್ಚಿಟ್ಟು ಬರೆಯುವುದು ಸರಿಯಲ್ಲ.

ಬದುಕಿ ಮನೆಗೆ ಮರಳಿದವರಿಗೆ ತಿಂಗಳುಗಟ್ಟಲೆ ನಿತ್ರಾಣ, ನಿದ್ರಾಭಂಗ, ಮರೆವು ಕಾಡುವುದುಂಟು. ನಡಿಗೆಯನ್ನು ದಿನದಿನಕ್ಕೂ ಸ್ವಲ್ಪಸ್ವಲ್ಪ ಹೆಚ್ಚಿಸಬೇಕು. ನೀರು ಹೊರುವ, ಕಳೆ ಕೀಳುವ ಕೆಲಸಕ್ಕೆ ಅವಸರ ಬೇಡ. ರೋಗಿಯು ಹೆಂಡತಿಯಾಗಿದ್ದಲ್ಲಿ ವೈದ್ಯರು ಒಪ್ಪುವವರೆಗೆ ಮತ್ತೊಂದು ಗರ್ಭ ನಿಲ್ಲದಂತೆ ಗಂಡನೇ ಎಚ್ಚರ ವಹಿಸಬೇಕು. ನಿರೋಧ್ ಉಪಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತದೆ.